ಕೋಟೆಯ ಬಾಗಿಲು ತೆಗೆದವನು

ಬಂದರು, ಮಂಗಳೂರು
ಗುರುವಾರ, ೧೪ ನವೆಂಬರ್ ೨೦೨೪

ಬಲ್ಮಠದ ಕಾಲೇಜಿನ ಹಿಂದಿನ ಬೆಂಚಿನಿಂದ ಕಳೆದ ವಾರದವರೆಗೆ ನನ್ನ ಗೆಳೆಯನಾಗಿದ್ದ ಚಿತ್ತರಂಜನನಿಗೆ,

ಫೋನಿನಲ್ಲಿ ನೀನು ಏನಾದರೂ ಹೇಳಿ ನಗಿಸಿಬಿಡುತ್ತೀ, ನನ್ನ ಸಿಟ್ಟು ಇಳಿದುಹೋಗುತ್ತದೆ. ಈ ಸಲ ಅದು ಇಳಿಯುವುದು ನನಗೆ ಬೇಡ. ಅದಕ್ಕೇ ಈ ಕಾಗದ. ಇದು ಮಣ್ಣಗುಡ್ಡದ ನಿನ್ನ ಮನೆ ತಲುಪುವಾಗ ಪತ್ರಿಕೆಗೆ ನಾವಿಬ್ಬರೂ ಸರದಿಯಲ್ಲಿ ಬರೆಯುವ ಧಾರಾವಾಹಿಯ ಮುಂದಿನ ಅಧ್ಯಾಯ, ನನ್ನದು, ಅಚ್ಚಿಗೆ ಹೋಗಿರುತ್ತದೆ. ಸಂಪಾದಕರಿಗೆ ಹೇಳಿ ತಡೆಯೋಣವೆಂದರೂ ಹೊತ್ತು ಮೀರಿರುತ್ತದೆ.

ಕಳೆದ ಭಾನುವಾರದ ನಿನ್ನ ಅಧ್ಯಾಯವನ್ನು ಇನ್ನೊಮ್ಮೆ ಓದಿಕೋ. ನೆಲ್ಯಾರು ಕೋಟೆಗೆ ಮುತ್ತಿಗೆ ಬಿದ್ದಿದೆ. ಒಳಗೆ ತೀರಿಹೋದ ಅರಸನ ಮಗ, ಹೊರಗೆ ದಂಡು ಕಟ್ಟಿಕೊಂಡು ಬಂದ ಅರಸನ ತಂಗಿಯ ಮಗ. ಒಂದೇ ಸೀಮೆಯ ಸೈನಿಕರು ಒಬ್ಬರನ್ನೊಬ್ಬರು ಕಡಿಯುತ್ತಿದ್ದಾರೆ. ಮಗನ ಪರವಾಗಿ ನಿನ್ನ ದೂಮಣ್ಣ ಬಂಟ ಕತ್ತಿ ಹಿಡಿದಿದ್ದಾನೆ, ನನ್ನ ಮೂಸಬ್ಬ ಬ್ಯಾರಿ ಫಿರಂಗಿ ಹಚ್ಚುತ್ತಿದ್ದಾನೆ. ಗಾಯಗೊಂಡ ದೂಮಣ್ಣನನ್ನು ಬೆನ್ನಿಗೆ ಕಟ್ಟಿಕೊಂಡು ತುಂಬಿದ ಹೊಳೆ ಈಜಿದವನು ಮೂಸಬ್ಬ. ಅಂಥವನು ನಿನ್ನ ಲೇಖನಿಯಲ್ಲಿ ಹೊರಗಿನವರಿಂದ ಒಂದು ಥೈಲಿ ಇಸಿದುಕೊಂಡು ಮೂಡಣ ಬಾಗಿಲು ತೆಗೆದುಬಿಟ್ಟ. ದಂಡು ನುಗ್ಗಿತು. ದೂಮಣ್ಣ ಅವನನ್ನು ದ್ರೋಹಿ ಎಂದು ಕೂಗಿದ. ಅಲ್ಲಿಗೆ ನಿನ್ನ ಅಧ್ಯಾಯ ಮುಗಿಯಿತು.

ಅಂದೇ ಫೋನ್ ಮಾಡಿದ್ದೆ. "ಕಥೆ ಅಲ್ವಾ ಮಾರಾಯ, ಅದಕ್ಕೆಂತ ಬೇಜಾರು ನಿಂಗೆ?" ಎಂದೆ ನೀನು.

ನಿನಗೆ ನಮ್ಮ ಬ್ಯಾರಿ ಮುಸ್ಲಿಮರ ಮೇಲೆ ದ್ವೇಷ ಇಲ್ಲ, ಅದು ನನಗೆ ಗೊತ್ತು. ನಿನಗೆ ಇದ್ದದ್ದು ಹೊಟ್ಟೆಕಿಚ್ಚು. ಓದುಗರ ಪತ್ರಗಳೆಲ್ಲ ಮೂಸಬ್ಬನನ್ನೇ ಕೇಳಿಕೊಂಡು ಬರುತ್ತಿದ್ದವು. ಶಕ್ತಿನಗರದ ಒಂದು ಮಗು ಶಾಲೆಯ ವೇಷದ ಸ್ಪರ್ಧೆಗೆ ಮೂಸಬ್ಬನಾಗಿ ಹೋದ ಫೋಟೋ ಪತ್ರಿಕೆಯಲ್ಲಿ ಬಂತು. ದೂಮಣ್ಣನ ವೇಷ ಯಾರೂ ಹಾಕಲಿಲ್ಲ. ಅವತ್ತು ಹೋಟೆಲಿನಲ್ಲಿ ನೀನು ಗೋಳಿಬಜೆ ಮುಟ್ಟದೆ ಎದ್ದುಹೋದದ್ದು ನನಗೆ ನೆನಪಿದೆ. ಆದರೆ ಓದಿದವರಿಗೆ ನಿನ್ನ ಹೊಟ್ಟೆ ಕಾಣುವುದಿಲ್ಲ ಚಿತ್ತ, ಕಾಣುವುದು ಬಾಗಿಲು ತೆಗೆದ ಬ್ಯಾರಿ ಮಾತ್ರ.

ಯಾರಿಗೆ ಕಂಡಿತು ಗೊತ್ತುಂಟಾ? ನನ್ನ ಮೊಮ್ಮಗಳು ನಜ್ಲಾಳ ತರಗತಿಯವರಿಗೆ. ಪ್ರತಿ ಸೋಮವಾರ ಕಾಲೇಜಿಗೆ ಪತ್ರಿಕೆ ಒಯ್ದು, ಇದು ನಮ್ಮ ಅಜ್ಜ ಬರೆದದ್ದು, ಇದು ಚಿತ್ತರಂಜನಜ್ಜ ಬರೆದದ್ದು ಎಂದು ಓದಿ ಹೇಳುತ್ತಿದ್ದ ಹುಡುಗಿ ಅವಳು. ಈ ಸೋಮವಾರ ಹಿಂದಿನ ಬೆಂಚಿನಿಂದ ಒಬ್ಬ, "ಬಾಗಿಲು ತೆಗ್ದದ್ದು ನಿಮ್ಮವ್ನೇ ಅಲ್ವಾ?" ಎಂದನಂತೆ. ತರಗತಿಯೆಲ್ಲ ನಕ್ಕಿತಂತೆ. ಮನೆಗೆ ಬಂದವಳು ಊಟ ಬೇಡವೆಂದು ಮಲಗಿದಳು. ಅವಳು ಹುಟ್ಟಿದಾಗ ನನಗಿಂತ ಮೊದಲು ಎತ್ತಿಕೊಂಡವನು ನೀನು. ಆ ರಾತ್ರಿ ನನಗೆ ನಿನ್ನ ಕತ್ತು ಹಿಸುಕಬೇಕೆನಿಸಿತು. ಸುಳ್ಳು ಹೇಳುವುದಿಲ್ಲ, ಈಗಲೂ ಹಾಗೇ ಅನಿಸುತ್ತದೆ.

ಆದರೆ ನಮ್ಮ ಕಟ್ಟಳೆಯೊಂದು ಉಂಟಲ್ಲ, ನೀನೇ ಮಾಡಿದ್ದು: ಒಂದು ಅಧ್ಯಾಯ ನಿನ್ನದು, ಒಂದು ನನ್ನದು. ಅಚ್ಚಾದದ್ದನ್ನು ಇನ್ನೊಬ್ಬ ಅಳಿಸುವ ಹಾಗಿಲ್ಲ. ಒಬ್ಬ ತೋಡಿದ ಹೊಂಡದಿಂದ ಇನ್ನೊಬ್ಬ ಹತ್ತಿ ಬರಬೇಕು. ಸರಿ, ಹತ್ತಿ ಬಂದಿದ್ದೇನೆ. ಈಗ ನಿನ್ನ ಸರದಿ.

ಮೊದಲ ಅಧ್ಯಾಯದಲ್ಲೇ ನೀನು ಎಡವಿದ್ದೆ. ಅಳಿಯಕಟ್ಟಿನ ನಾಡಿನಲ್ಲಿ ಪಟ್ಟ ಮಗನಿಗೆ ಹೋಗುವುದಿಲ್ಲ, ತಂಗಿಯ ಮಗನಿಗೆ ಹೋಗುತ್ತದೆ. ಬಂಟರ ಮನೆಯಲ್ಲಿ ಹುಟ್ಟಿದ ನೀನು ಅದನ್ನು ಮರೆತು ಮಗನನ್ನು ಸಿಂಹಾಸನದ ಮೇಲೆ ಕೂರಿಸಿದೆ, ಅಳಿಯನನ್ನು ದಂಗೆಕೋರ ಮಾಡಿದೆ. ನಿನ್ನ ಸ್ವಂತ ಅಕ್ಕ ವಿನೋದಕ್ಕ ಓದಿದವರೇ ನನಗೆ ಫೋನ್ ಮಾಡಿ, ಬಿದ್ದು ಬಿದ್ದು ನಕ್ಕಿದ್ದರು. ಬಂಟನಿಗೆ ಅಳಿಯಕಟ್ಟು ಕಲಿಸಲು ಬ್ಯಾರಿ ಬೇಕಾಯಿತು ಎಂದು ಊರವರು ಆಡಿಕೊಳ್ಳಬಾರದೆಂದು ನಾನು ಬಾಯಿ ಹೊಲಿದುಕೊಂಡಿದ್ದೆ. ಮೂಸಬ್ಬ ಹೊಳೆಯಲ್ಲಿ ದೂಮಣ್ಣನನ್ನು ಹೊತ್ತ ಹಾಗೆ ನಿನ್ನ ತಪ್ಪನ್ನು ಇಷ್ಟು ದಿನ ಹೊತ್ತೆ. ಈಗ ಇಳಿಸಿದ್ದೇನೆ.

ಥೈಲಿಯೊಳಗೆ ಏನಿತ್ತೆಂದು ನೀನು ಬರೆಯಲೇ ಇಲ್ಲ. ಅಷ್ಟು ಅವಸರ ನಿನಗೆ. ಈ ಭಾನುವಾರ ಮೂಸಬ್ಬ ಅದನ್ನು ಎಲ್ಲರೆದುರು ಬಿಚ್ಚುತ್ತಾನೆ. ಒಳಗೆ ಚಿನ್ನ ಇಲ್ಲ, ಹಣ ಇಲ್ಲ. ಅರಸ ಪ್ರಾಣ ಬಿಡುವಾಗ ಅಳಿಯನಿಗೆ ಕಳಿಸಿದ್ದ ಪಟ್ಟದ ಉಂಗುರ ಉಂಟು. ಅದನ್ನೇ ಅಳಿಯ ಸಾಕ್ಷಿಯಾಗಿ ಮೂಸಬ್ಬನಿಗೆ ಕಳಿಸಿದ್ದ. ಅಪ್ಪ ಅಳಿಯನನ್ನು ಸೀಮೆಯಿಂದಲೇ ಹೊರಹಾಕಿ ಸತ್ತನೆಂದು ಆ ಮಗ ಸುಳ್ಳು ಹಬ್ಬಿಸಿದ್ದ. ನಿನ್ನ ದೂಮಣ್ಣ ಅದನ್ನು ನಂಬಿ, ಕಟ್ಟಳೆ ಮರೆತು, ಇಡೀ ಯುದ್ಧವನ್ನು ಕಳ್ಳನೊಬ್ಬನ ಪರವಾಗಿ ಹೋರಾಡಿದ. ಕೋಟೆಯೊಳಗೆ ನಿಯತ್ತಿದ್ದ ಒಬ್ಬನೇ ಒಬ್ಬ ಆ ಬಾಗಿಲು ತೆಗೆದವನು. ನೀನು ಬರೆದ ಒಂದಕ್ಷರವನ್ನೂ ನಾನು ಮುಟ್ಟಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಕೊನೆಯಲ್ಲಿ ನಿನ್ನ ವೀರ ಕತ್ತಿ ಕಳೆದುಕೊಂಡು ಮೂಡಣ ಬಾಗಿಲಲ್ಲಿ ಮೊಣಕಾಲೂರಿದ್ದಾನೆ. ಎರಡೂ ಕಡೆಯ ಸೈನಿಕರು ಸುತ್ತ ನಿಂತಿದ್ದಾರೆ. ಥೈಲಿಯನ್ನು ಬಿಚ್ಚಿಯೂ ನೋಡದೆ ದ್ರೋಹಿ ಎಂದೆಯಲ್ಲ, ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡು ನೀನು ನನ್ನನ್ನು ತಿಳಿದದ್ದು ಇಷ್ಟೆಯಾ ಎಂದು ಮೂಸಬ್ಬ ಕೇಳುತ್ತಾನೆ. ದೂಮಣ್ಣ ಬಾಯಿ ತೆರೆಯುವ ಮೊದಲೇ ಅಧ್ಯಾಯ ಮುಗಿಯುತ್ತದೆ. ಮುಂದಿನದು ನಿನ್ನದು. ಉತ್ತರ ನೀನೇ ಬರೆಯಬೇಕು, ಊರೆಲ್ಲ ಓದುವ ಹಾಗೆ.

ಉತ್ತರ ಅಚ್ಚಾಗುವವರೆಗೆ ಹೋಟೆಲಿನಲ್ಲಿ ನಿನ್ನೆದುರಿನ ಕುರ್ಚಿಯಲ್ಲಿ ಕೂರದ,
ಬಂದರಿನ ಹಗ್ಗದಂಗಡಿಯ ಅಯ್ಯೂಬ್

ತಾ.ಕ.: ನಾನು ಮೊದಲು ಬರೆದದ್ದರಲ್ಲಿ ದೂಮಣ್ಣನನ್ನು ಕೊಂದಿದ್ದೆ, ಅದೂ ಬಾಯಿಗೆ ನೀರು ಬಿಡುವವರಿಲ್ಲದ ಸಾವು. ಬಹಳ ಖುಷಿಯಿಂದ ಬರೆದಿದ್ದೆ. ಓದಿದ ನಜ್ಲಾ ಆ ಪುಟವನ್ನು ನನ್ನ ಕೈಗೇ ವಾಪಸ್ ಕೊಟ್ಟು, ಸತ್ತವನು ತಪ್ಪಾಯಿತು ಎನ್ನುವುದಿಲ್ಲವಲ್ಲ ಎಂದಳು. ಮೂಸಬ್ಬನ ಪ್ರಶ್ನೆ ಅವಳು ಬರೆದದ್ದು. ಅದು ದೂಮಣ್ಣನಿಗೆ ಕೇಳಿದ್ದಲ್ಲ.