ಕಾರ್ಕಳದ ಸೀತಾಳೆ ದಂಡೆ

ಅಪ್ಪಾ,

ನೀವು ಹೋದ ಮೇಲೂ ಸಾನಪಾಡಾದ ನಮ್ಮ ಬಾಲ್ಕನಿಯ ಸೀತಾಳೆ ದಂಡೆ ಹೂ ಬಿಡುತ್ತಿದೆ. ಅಮ್ಮನ ತವರು ಕಾರ್ಕಳದ ಮಾವಿನ ಮರದಿಂದ ನೀವು ತಂದದ್ದೆಂದು ಅವಳು ಅದಕ್ಕೆ ದಿನವೂ ಅಕ್ಕಿ ತೊಳೆದ ನೀರು ಹಾಕುತ್ತಾಳೆ.

ಇಂಥ ಕಾಡು ಆರ್ಕಿಡ್‌ಗಳ ಸಂಶೋಧನೆ ಮಾಡುವ ಗೆಳತಿ ಮಾನಸಿ ಅದರ ಎಲೆ ಒಯ್ದಿದ್ದಳು. ಇವತ್ತು ಫೋನ್ ಮಾಡಿದಳು. ಹಿಮಯುಗದಲ್ಲಿ ಮಳೆ ಕಡಿಮೆಯಾಗಿ ಘಟ್ಟದ ಕಾಡು ತುಂಡಾದಾಗ ಉತ್ತರದ ಗಿಡಗಳೂ ದಕ್ಷಿಣದವೂ ಬೇರೆಬೇರೆಯಾದವಂತೆ. ಡಿಎನ್‌ಎಯಲ್ಲಿ ಆ ಗುರುತು ಇನ್ನೂ ಇದೆಯಂತೆ.

"ನಿಮ್ಮದು ಕಾರ್ಕಳದ್ದಲ್ಲ ಯಾರ್, ಪಕ್ಕಾ ಇಲ್ಲೇ ಠಾಣೆ ಜಿಲ್ಲೆಯ ಗುಡ್ಡದ್ದು."

ನಾನು ಫೋನ್ ಇಟ್ಟೆ.

"ಎಂಥ ಹೇಳಿದಳು?" ಅಮ್ಮ ಕೇಳಿದಳು.

"ಕಾರ್ಕಳದ್ದೇ ಅಂತೆ," ನಾನು ಗಿಡ ನೋಡುತ್ತಾ ಹೇಳಿದೆ.

ಅಮ್ಮ ಗಿಡಕ್ಕೆ ನೀರು ಸುರಿದಳು. "ಇದನ್ನು ತಂದ ದಿನ ನಿನ್ನ ಅಪ್ಪನೂ ಹೀಗೇ, ನನ್ನ ಮುಖ ನೋಡದೆ ಹೇಳಿದ್ರು."