ಗೆಣಸಿನ ಹೊಲದ ಬಿರುಕು

ಹತ್ತಿಮತ್ತೂರು
೧೪-೧೧-೧೯೮೩

ನನ್ನ ಪ್ರೀತಿಯ ಅಮ್ಮನಿಗೆ ನಸೀರಾ ಮಾಡುವ ಸಲಾಮು.

ಅಕ್ಷರ ಸೊಟ್ಟಗಿವೆ, ಒತ್ತುಗಳೂ ತಪ್ಪಿರಬಹುದು. ನಾಲ್ಕನೇ ಇಯತ್ತೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ನಿನಗೆ ಓದಿ ಹೇಳುವ ನರ್ಸಬಾಯಿ ನಗದಿದ್ದರೆ ಸಾಕು. ನಾವಿಲ್ಲಿ ಸುಖವಾಗಿದ್ದೇವೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇವೆ.

ಬೆಂಗಳೂರಿನ ಆಸ್ಪತ್ರೆಯಿಂದ ನರ್ಸಬಾಯಿ ಬರೆದುಕೊಟ್ಟ ನಿನ್ನ ಕಾಗದ ಗುರುವಾರ ಬಂತು. ನಮ್ಮ ದಾವಲಬಿಯ ತಲೆನೋವು, ತೂರಾಡುವ ನಡಿಗೆ ಎಲ್ಲಕ್ಕೂ ಹಿಂದಲೆಯೊಳಗಿನ ಗಡ್ಡೆಯೇ ಕಾರಣ, ಆಪರೇಶನ್ನಿಗೆ ಅಪ್ಪನೇ ಬಂದು ಒಪ್ಪಿಗೆ ಕೊಡಬೇಕು ಎಂದು ಓದಿ ಹೇಳಿದೆ. ಅಪ್ಪ, "ಏಳು ವರ್ಷದ ಕೂಸಿನ ತಲಿ ಕೊಯ್ಯೂದಾ? ಎಳೇ ಕುರು ಯಾರರ ಕೊಯ್ತಾರೇನು? ಹಣ್ಣಾಗಲಿ, ತಾನ ಒಡದ ಹೋಗತೈತಿ" ಎಂದ. ಕಟ್ಟೆಯ ಮೇಲೆ ಕೂತಿದ್ದ ನೆರೆಮನೆಯ ಗುತ್ತೆಪ್ಪಕಾಕಾ, "ಖರೇ ಅದ ಕರೀಮಣ್ಣ, ಬೆಂಗಳೂರಾಗ ಕತ್ತರಿಗೂ ಕೆಲಸಾ ಬೇಕಲ್ಲ" ಎಂದು ನಕ್ಕ.

ಅಪ್ಪನ ಎದುರು ನನ್ನ ದನಿ ಏಳುವುದಿಲ್ಲ, ನಿನಗೆ ಗೊತ್ತಲ್ಲ. ನಿನ್ನೆ ಹೊಲದಲ್ಲಿ ಗೆಣಸು ಅಗೆಯುವಾಗ ಮಣ್ಣು ಬಿರಿದದ್ದು ಕಂಡು ಕೇಳಿಯೇಬಿಟ್ಟೆ, "ಅಪ್ಪಾ, ಇದು ಯಾಕ ಬಿರದೈತಿ?" ಎಂದು.

"ಒಳಗ ಗಡ್ಡಿ ದಪ್ಪಾಗೈತಿ, ಖಬರಗೇಡಿ" ಎಂದ.

"ದಾವಲಬಿಗೆ ಆಗಿದ್ದು ಕುರು ಅಲ್ಲಪಾ, ಇಂಥಾ ಗಡ್ಡಿ. ಮಣ್ಣಾದರ ಬಿರಿತೈತಿ, ತಲಿಬುರುಡಿ ಬಿರಿಯೂದಿಲ್ಲ. ತಡಾ ಆದರ ಮೆದುಳು ಕೆಳಗಿನ ತೂತಿನಾಗ ಜಾರಿ ಉಸರು ನಿಲ್ಲತೈತಿ ಅಂತ ಡಾಕ್ಟರು ಹೇಳಿದ್ದು ಕಾಗದದಾಗ ಐತಿ" ಎಂದೆ.

ಅಪ್ಪ ಆ ಬಿರುಕಿನಲ್ಲಿ ಬೆರಳಿಟ್ಟು ಒಳಗಿನ ಗಡ್ಡೆ ಮುಟ್ಟಿ ನೋಡಿದ. ಆಮೇಲೆ, "ನನ್ನ ಟೊಪಿಗಿ ಎಲ್ಲೈತಿ? ನಾಳೆ ಮಧ್ಯಾಹ್ನದ ಬಸ್ಸಿಗೆ ಹೋಗ್ತೇನಿ" ಎಂದ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಅಕ್ಕ ಕೇಳಿದಳೆಂದು ದಾವಲಬಿಗೆ ಹೇಳು. ಕೂದಲು ತೆಗೆಯುವಾಗ ಅವಳ ಕೈ ಹಿಡಿದುಕೋ. ಇಲ್ಲಿ ನನ್ನ ಹೊದಿಕೆ ಎಳೆಯುವವರೇ ಇಲ್ಲ. ಇಡೀ ಕೌದಿ ನನಗೇ ಸಿಕ್ಕರೂ ಚಳಿ ಹೋಗುತ್ತಿಲ್ಲ.

ನಿನ್ನ ಹಿರಿಮಗಳು,
ನಸೀರಾ

ತಾ.ಕ.: ಮೇಲಿನದನ್ನು ಅಪ್ಪನಿಗೆ ಓದಿ ತೋರಿಸಿದೆ. ಇದನ್ನು ಅವನು ಎತ್ತಿಗೆ ನೀರು ಕುಡಿಸಲು ಹೋದಾಗ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದಾಗಿನಿಂದ ಇಬ್ಬರೂ ಸರಿಯಾಗಿ ಉಂಡಿಲ್ಲ. ದಾವಲಬಿ ದಿನಾ ಮುಂಜಾನೆ ಹಿತ್ತಲ ಬಾಗಿಲಲ್ಲಿ ವಾಂತಿ ಮಾಡುತ್ತಿದ್ದಳಲ್ಲ, ಬೂದಿ ಹಾಕಿ ಬಳಿಯುವುದು ನನ್ನ ಕೆಲಸವಾಗಿತ್ತು. ಇವತ್ತು ಮುಂಜಾನೆ ಎದ್ದವಳೇ ಅಲ್ಲಿಗೆ ಹೋಗಿ ಬೂದಿ ಹಾಕಿ ಬಳಿದೆ. ಅಲ್ಲಿ ಏನೂ ಇರಲಿಲ್ಲ.