ಪಾತ್ರೆ ಕವುಚಿದ ಸದ್ದು

ಅಮ್ಮ,

ನೀನು ಚಾಡಿಕೋರ ಎಂದು ಹೆಸರಿಟ್ಟಿದ್ದ ಆ ಮಾತಾಡುವ ಸ್ಪೀಕರನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಇವತ್ತು ಅಡುಗೆಮನೆಯಿಂದ ತೆಗೆದೆ. ನೀನು ಹೋದ ಮೇಲೆ ಅದರ ಹತ್ತಿರ ಮಾತಾಡುವವರೂ ಇಲ್ಲ, ಅದನ್ನು ಬೈಯುವವರೂ ಇಲ್ಲ. ಕೊಡುವ ಮೊದಲು ಅದರಲ್ಲಿ ಉಳಿದ ಧ್ವನಿಗಳನ್ನೆಲ್ಲ ಅಳಿಸಬೇಕಂತೆ. ಫೋನಿನಲ್ಲಿ ತೆರೆದು ನೋಡಿದರೆ ನಿನ್ನ ಅನುಮಾನವೇ ನಿಜ. ನಾವು ಕರೆಯದಿದ್ದಾಗಲೂ ಅದು ಕದ್ದು ಕೇಳಿಸಿಕೊಂಡಿದೆ.

ಒಂದರಲ್ಲಿ ನೀನಿದ್ದೆ.

"ಇರು, ಮೊದಲು ಇದರ ಕಿವಿ ಮುಚ್ತೀನಿ. ನಿನ್ ಹತ್ರ ಒಂದು ಮಾತು ಹೇಳ್ಬೇಕು ಕಣೇ."

"ಅಯ್ಯೋ, ನಿನ್ ಗುಟ್ಟು ಯಾರಿಗೆ ಬೇಕಮ್ಮ!" ಎಂದು ನಾನು ನಗುತ್ತಿದ್ದೇನೆ. ಆಮೇಲೆ ನೀನು ಹಾಲಿನ ಪಾತ್ರೆಯನ್ನು ಅದರ ಮೇಲೆ ಠಣ್ಣೆಂದು ಕವುಚಿದ ಸದ್ದು. ಅಲ್ಲಿಗೆ ಮುಗಿಯಿತು.

ಅವತ್ತು ನೀನು ಏನು ಹೇಳಿದೆ ಎಂದು ಮಧ್ಯಾಹ್ನದಿಂದ ಯೋಚಿಸುತ್ತಿದ್ದೇನೆ. ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ.

ಅಳಿಸಲು ಮನಸ್ಸು ಬರಲಿಲ್ಲ. ಚಾಡಿಕೋರನನ್ನು ಮತ್ತೆ ಅದರ ಜಾಗದಲ್ಲೇ ಇಟ್ಟು, ಅದೇ ಪಾತ್ರೆ ಕವುಚಿ, ನಿನ್ನ ಸ್ಟೂಲಿನ ಎದುರು ಕುಳಿತಿದ್ದೇನೆ.

ಮುಚ್ಚಿದೀನಮ್ಮ. ಈಗ ಹೇಳು.